ದೊಡ್ಡ ಕ್ಯಾಲಿಪರ್, ಹಳೇ ಟೈರು

ಕಾರಿನ ಬ್ರೇಕನ್ನು ಮನೆಯಲ್ಲೇ ಬಿಚ್ಚುತ್ತೇನೆ ಎಂದವನಿಗೆ ಎದುರು ಮಾತಾಡುವವರು ಸಾಮಾನ್ಯವಾಗಿ ಹೆದರಿ ಮಾತಾಡುತ್ತಾರೆ. ಇಲ್ಲಿ ಎದುರು ನಿಂತಿರುವ ತಂಗಿಗೆ ಹೆದರಿಕೆಯಿಲ್ಲ. ಬ್ರೇಕ್ ಬಿಡಿಭಾಗಗಳ ಕಾರ್ಖಾನೆಯೊಂದರ ಟೆಸ್ಟಿಂಗ್ ವಿಭಾಗದಲ್ಲಿ ಅವಳ ಕೆಲಸ. ಡಿಸ್ಕನ್ನು ಕೆಂಪಗೆ ಕಾಯಿಸಿ ಒಡೆಯುವುದೇ ಅವಳ ಸಂಬಳ. ಅಣ್ಣ ಬ್ಯಾಂಕಿನವನು, ಆದರೆ ಪಾನಾ ಹಿಡಿದರೆ ಕೈ ತಪ್ಪುವವನಲ್ಲ. ಮೈಸೂರಿನ ಮನೆಯ ಪೋರ್ಟಿಕೊದಲ್ಲಿ ಗೋಣಿಚೀಲ ಹಾಸಿದೆ. ಅದರ ಮೇಲೆ ಒಂದು ಜೊತೆ ಕ್ಯಾಲಿಪರ್, ಅದರ ಬ್ರಾಕೆಟ್, ಇನ್ನೂ ಎಣ್ಣೆಕಾಗದ ಬಿಚ್ಚದ ಎರಡು ಡಿಸ್ಕು. ಕ್ಯಾಲಿಪರ್ ಬೆಂಗಳೂರಿನ ಶಿವಾಜಿನಗರದ ಗುಜರಿಯದು, ಅಣ್ಣನ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ಮಾಡಿದ ಕಂಪನಿಯದೇ ದೊಡ್ಡ ಸೆಡಾನಿನಿಂದ ಬಿಚ್ಚಿದ್ದು. ಡಿಸ್ಕು ಮಾತ್ರ ಹೊಸದು.

ತಂಗಿ: ಏನಣ್ಣ ಇದು, ಅಂಗಡಿ ಇಟ್ಟಿದ್ದೀಯಾ?

ಅಣ್ಣ: ಬಾ, ನಿನ್ನ ದಾರೀನೇ ಕಾಯ್ತಿದ್ದೆ. ಮುಂದಿನ ಬ್ರೇಕು ಬದಲಾಯಿಸ್ತಿದೀನಿ. ಈಗಿರೋ ಡಿಸ್ಕು 256 ಮಿಲಿಮೀಟರು, ಇದು 288. ಬ್ರಾಕೆಟ್ಟು ಬೋಲ್ಟಿಗೆ ಬೋಲ್ಟು ಕೂರುತ್ತೆ, ಇಟ್ಟು ನೋಡಿದೀನಿ.

ತಂಗಿ: ಯಾಕೆ, ಈಗಿರೋದು ಹಿಡೀತಿಲ್ವಾ?

ಅಣ್ಣ: ಹಿಡಿಯತ್ತೆ. ಇನ್ನೂ ಚೆನ್ನಾಗಿ ಹಿಡೀಲಿ ಅಂತ.

ತಂಗಿ: ರಿಂಗ್ ರೋಡಲ್ಲಿ ಜೋರಾಗಿ ಒತ್ತಿದ್ರೆ ಪೆಡಲು ಕಾಲಡಿ ಟರ್ರಂತ ನಡುಗುತ್ತಾ?

ಅಣ್ಣ: ನಡುಗುತ್ತೆ. ಎಬಿಎಸ್ಸು.

ತಂಗಿ: ಮತ್ತಿನ್ನೇನು? ಈಗಿರೋ ಕ್ಯಾಲಿಪರ್‌ಗೇ ಚಕ್ರಾನ ಪೂರ್ತಿ ಕಟ್ಟಿಹಾಕೋ ತಾಕತ್ತಿದೆ ಅಂತಾಯ್ತು. ಅದರ ಮೇಲೆ ಇನ್ನಷ್ಟು ಹಿಡಿಯೋಕೆ ಟೈರು ಬಿಡಲ್ಲ. ಒಣಗಿದ ಡಾಂಬರಲ್ಲಿ ಟೈರಿನ ಹಿಡಿತ 0.8 ಅಂತ ಇಟ್ಕೊ. ಗಂಟೆಗೆ 100 ಕಿಲೋಮೀಟರಲ್ಲಿ ಹೋಗ್ತಿರೋ ಕಾರು ನಿಲ್ಲೋಕೆ 49 ಮೀಟರ್ ಬೇಕೇ ಬೇಕು. ನೀನು 288 ಹಾಕು, 388 ಹಾಕು, ಆ 49ರಲ್ಲಿ ಒಂದು ಮೀಟರೂ ಕಮ್ಮಿ ಆಗಲ್ಲ. ಎಲ್ಲಿ, ಸ್ವಲ್ಪ ಈ ಕಡೆ ಸರಿ.

(ಅವಳು ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಟೈರಿನ ಮಗ್ಗುಲನ್ನು ಹೆಬ್ಬೆರಳಿನಿಂದ ಒರೆಸುತ್ತಾಳೆ. ಧೂಳಿನಡಿ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಕಾಣುತ್ತವೆ.)

ತಂಗಿ: 2319. ಅಂದ್ರೆ 2019ರ 23ನೇ ವಾರ ತಯಾರಾದ ಟೈರು. ಗಟ್ಟಿ ಆಗಿ ಸೀಳು ಬಿಟ್ಟಿದೆ ನೋಡು, ಉಗುರು ಇಳಿಯತ್ತೆ. ಬ್ರೇಕಿಗೆ ಅಂತ ದುಡ್ಡು ಎತ್ತಿಟ್ಟಿದ್ರೆ ಮೊದಲು ಇಲ್ಲಿಗೆ ಸುರಿ.

ಅಣ್ಣ: ಟೈರು ಹಾಕಿಸ್ತೀನಿ, ಅದರಲ್ಲಿ ತಕರಾರಿಲ್ಲ. ಕಾರು ತಗೊಂಡಾಗ ಗುಂಡಿ ಆಳ ನೋಡಿದೆ, ತಾರೀಖು ನೋಡಲಿಲ್ಲ. ಆದ್ರೆ ನೀನು ಹೇಳಿದ್ದು ಒಂದು ಸಲ ನಿಲ್ಲಿಸೋ ಕಥೆ. ನನ್ನದು ಆ ಕಥೆಯಲ್ಲ. ನಾನು ಮಂಗಳೂರಿಗೆ ಹೋಗೋದು ಸಂಪಾಜೆ ಘಾಟಿ ಇಳಿದು. ಮಡಿಕೇರಿಯಿಂದ ಸಂಪಾಜೆಗೆ ಹೆಚ್ಚುಕಮ್ಮಿ ಸಾವಿರ ಮೀಟರ್ ಇಳೀಬೇಕು. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು. ಕೆಳಗೆ ಬರೋ ಹೊತ್ತಿಗೆ ಸುಟ್ಟ ವಾಸನೆ. ಆಮೇಲೆ ಪೆಡಲು ಒತ್ತಿದ್ರೆ ಮರ ಒತ್ತಿದ ಹಾಗೆ, ಹಿಡಿತವೇ ಇಲ್ಲ. ಅಲ್ಲಿ ನಿನ್ನ ಹೊಸ ಟೈರು ಏನು ಮಾಡುತ್ತೆ?

ತಂಗಿ: ಏನೂ ಮಾಡಲ್ಲ. ಸರಿ, ಅದು ಬೇರೆ ಮಾತು. ಪೆನ್ನಿದ್ಯಾ?

(ಗುಜರಿಯವನು ಕೊಟ್ಟ ರಸೀದಿಯ ಹಿಂಬದಿಯಲ್ಲಿ ಲೆಕ್ಕ ಶುರುವಾಗುತ್ತದೆ. ನೋಡುವವರಿಗೆ ಬೇಸರ ತರಿಸಬಹುದಾದ ಈ ಲೆಕ್ಕದಲ್ಲೇ ವಾದದ ತಿರುಳಿದೆ.)

ತಂಗಿ: ಕಾರು, ಜನ, ಸಾಮಾನು ಎಲ್ಲ ಸೇರಿ 1,400 ಕೆ.ಜಿ. ನೂರರ ವೇಗದಿಂದ ಒಂದು ಸಲ ನಿಲ್ಲಿಸಿದ್ರೆ ಬ್ರೇಕು ನುಂಗಬೇಕಾದ ಶಕ್ತಿ 5.4 ಲಕ್ಷ ಜೌಲ್. ಅದೇ ಕಾರು ಸಾವಿರ ಮೀಟರ್ ಇಳಿದ್ರೆ 137 ಲಕ್ಷ ಜೌಲ್. ಅಂದ್ರೆ ಘಾಟಿ ಇಳಿಯೋದು ಅಂದ್ರೆ ನೂರರಿಂದ 25 ಸಲ ನಿಲ್ಲಿಸಿದಷ್ಟು. ಗಾಳಿ ಒಂದಿಷ್ಟು ತಿನ್ನುತ್ತೆ, ಎಂಜಿನ್ನು ಒಂದಿಷ್ಟು ತಿನ್ನುತ್ತೆ. ಮಿಕ್ಕಿದ್ದೆಲ್ಲ ಬಿಸಿ ಆಗಿ ಡಿಸ್ಕಿಗೇ ಬೀಳುತ್ತೆ, ಮುಂದಿನ ಎರಡಕ್ಕೆ ಹೆಚ್ಚು.

ಅಣ್ಣ: ನಾನು ಹೇಳಿದ್ದೂ ಅದೇ ತಾನೆ! ತೆಳು ಕಾವಲಿ ಬೇಗ ಹೊತ್ತುತ್ತೆ, ದಪ್ಪ ಕಾವಲಿ ತಡಕೊಳ್ಳುತ್ತೆ. ಹಳೇ ಡಿಸ್ಕು ತೂಗಿದೆ, ಹತ್ತಿರ ಹತ್ತಿರ 5 ಕೆ.ಜಿ. ಹೊಸದು 7.

ತಂಗಿ: ಮುಂದಿನ ಬ್ರೇಕಿಗೆ ನೂರಕ್ಕೆ 70 ಪಾಲು ಅಂದ್ರೆ, ಒಂದು ಸಲ ನಿಲ್ಲಿಸಿದಾಗ 5 ಕೆ.ಜಿ. ಡಿಸ್ಕು ಸುಮಾರು 80 ಡಿಗ್ರಿ ಏರುತ್ತೆ, 7 ಕೆ.ಜಿ.ಯದು 56 ಡಿಗ್ರಿ. ಹೌದು, ಇಲ್ಲಿ ನಿನ್ನ ಮಾತು ನಿಲ್ಲುತ್ತೆ. ದೊಡ್ಡ ಡಿಸ್ಕಿಗೆ ಗಾಳಿಗೆ ಒಡ್ಡಿದ ಮೈಯೂ ಜಾಸ್ತಿ, ಬೇಗ ಆರುತ್ತೆ. ಆದ್ರೆ ಒಂದು ಕೇಳ್ತೀನಿ, ನಿಜ ಹೇಳು. ಘಾಟಿ ಯಾವ ಗೇರಲ್ಲಿ ಇಳೀತೀಯಾ?

ಅಣ್ಣ: ಎರಡನೇ ಗೇರು. ಮೂರಕ್ಕೂ ಹಾಕಲ್ಲ. ಆದ್ರೆ ಮುಂದೆ ಒಂದು ಮರದ ದಿಮ್ಮಿ ಲಾರಿ ತೆವಳ್ತಿರುತ್ತೆ, ಹಿಂದೆ ಬಸ್ಸಿನವನು ಹಾರ್ನ್ ಒತ್ತಿ ಪ್ರಾಣ ತೆಗೀತಿರ್ತಾನೆ. ಎರಡನೇ ಗೇರಲ್ಲೂ ಬ್ರೇಕ್ ಮೇಲೆ ಕಾಲು ಇಟ್ಕೊಂಡೇ ಇಳೀಬೇಕು. ಪುಸ್ತಕದ ಘಾಟಿ ಬೇರೆ, ಸಂಪಾಜೆ ಬೇರೆ.

ತಂಗಿ: ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು?

ಅಣ್ಣ: ಹಿಂದಿನ ಓನರ್ ಬದಲಾಯಿಸಿದ್ದಾನೆ ಅಂತ ಇಟ್ಕೊಂಡಿದೀನಿ.

ತಂಗಿ: ಇಟ್ಕೋಬೇಡ. ಬ್ರೇಕ್ ಆಯಿಲ್ಲು ಗಾಳಿಯಲ್ಲಿರೋ ನೀರು ಕುಡೀತಾ ಕೂತಿರುತ್ತೆ. ಡಾಟ್ 4 ಹೊಸದು ಕುದಿಯೋದು 230 ಡಿಗ್ರಿ ಮೇಲೆ. ನೂರಕ್ಕೆ 3.7ರಷ್ಟು ನೀರು ಸೇರಿತು ಅಂದ್ರೆ 155ಕ್ಕೇ ಕುದಿಯಬಹುದು. ಕುದ್ದರೆ ಆವಿ, ಆವಿ ಅಂದ್ರೆ ಗಾಳಿ, ಒತ್ತಿದ್ರೆ ಪೆಡಲು ಮ್ಯಾಟ್ ಮುಟ್ಟುತ್ತೆ. ನಿನಗೆ ಆಗಿದ್ದು ಅದಲ್ಲ. ಪೆಡಲು ಗಟ್ಟಿಯಾಗೇ ಇತ್ತು, ಹಿಡಿತ ಇರಲಿಲ್ಲ ಅಂದೆಯಲ್ಲ, ಅದು ಪ್ಯಾಡ್ ಕಾದು ಸೋತಿದ್ದು. ನಿನ್ನ ಘಾಟಿಗೆ ಒಳ್ಳೇ ಪ್ಯಾಡು, ಹೊಸ ಆಯಿಲ್ಲು ಸಾಕಾಗಬಹುದು. ಡಿಸ್ಕು, ಕ್ಯಾಲಿಪರ್ ಯಾವುದನ್ನೂ ಮುಟ್ಟೋದು ಬೇಡ.

ಅಣ್ಣ: ಸಾಕಾಗಬಹುದು ಅಂದೆ. ಸಾಕಾಗುತ್ತೆ ಅನ್ನಲಿಲ್ಲ.

ತಂಗಿ: ಅನ್ನಲಿಲ್ಲ.

ಅಣ್ಣ: 1953ರಲ್ಲಿ ಲ ಮಾನ್ ರೇಸು ಗೆದ್ದ ಜಾಗ್ವಾರ್ ಸಿ-ಟೈಪಿಗೆ ಡನ್‌ಲಪ್‌ನವರು ಡಿಸ್ಕ್ ಬ್ರೇಕ್ ಹಾಕಿದ್ರು. ಉಳಿದವರಿಗೆ ಡ್ರಮ್ಮು. ‘ಇರೋದೇ ಸಾಕು’ ಅಂದಿದ್ರೆ ಇವತ್ತಿಗೂ ನಾವು ಅಂಬಾಸಡರ್ ಡ್ರಮ್ಮಿಗೆ ಲೈನರ್ ಹೊಡೆಸ್ತಾ ಇರ್ತಿದ್ವಿ.

ತಂಗಿ: ಅದು ಇಪ್ಪತ್ನಾಲ್ಕು ಗಂಟೆ ರೇಸು ಕಣಣ್ಣ. ಅಲ್ಲೂ ಡಿಸ್ಕು ಗೆದ್ದಿದ್ದು ಬಿಸಿ ಆದ ಮೇಲೂ ಹಿಡಿತ ಬಿಡಲಿಲ್ಲ ಅಂತ. ಅಷ್ಟಕ್ಕೂ ನೀನು ಮೊದಲು ನೋಡ್ತಿದ್ದಿದ್ದು ಕೆಂಪು ಬಣ್ಣದ ಫೋರ್ ಪಿಸ್ಟನ್ ಕಿಟ್ಟು ತಾನೆ? ಅತ್ತಿಗೆ ಹೇಳಿದ್ರು.

ಅಣ್ಣ: ನೋಡ್ತಿದ್ದೆ. ಆಮೇಲೆ ಲೆಕ್ಕ ಹಾಕಿದೆ, ಬಿಟ್ಟೆ. ಈಗಿರೋದರಲ್ಲಿ ಒಂದೇ ಪಿಸ್ಟನ್ನು, 54 ಮಿಲಿಮೀಟರು, ವಿಸ್ತೀರ್ಣ 2,290 ಚದರ ಮಿಲಿಮೀಟರು. ನಾಲ್ಕು ಪಿಸ್ಟನ್ ಇರೋದರಲ್ಲಿ ಎದುರುಬದುರು ಎರಡೆರಡು ಇರ್ತವೆ, ಒಂದು ಬದೀದು ಮಾತ್ರ ಲೆಕ್ಕಕ್ಕೆ. 40ರದು ಎರಡು ಸೇರಿದ್ರೆ 2,513. ನಾಲ್ಕು ಪಟ್ಟು ಇರಲಿ, ನೂರಕ್ಕೆ ಹತ್ತೂ ಜಾಸ್ತಿ ಆಗಲ್ಲ. ಅದಕ್ಕೆ ಅಷ್ಟು ದುಡ್ಡೇ ಅನ್ನಿಸ್ತು.

ತಂಗಿ: ಪರವಾಗಿಲ್ವೇ! ನಮ್ಮ ಆಫೀಸಿಗೆ ಬರೋ ಟ್ರೇನಿಗಳಿಗೂ ಇದು ಹೊಳೆಯಲ್ಲ.

ಅಣ್ಣ: ಬ್ಯಾಂಕಲ್ಲಿ ಕೂತು ಬಡ್ಡಿ ಲೆಕ್ಕ ಮಾಡೋನಿಗೆ ಇದ್ಯಾವ ಮಹಾ. ಮತ್ತೆ ಅದರಲ್ಲಿ ಡೂಪ್ಲಿಕೇಟ್ ಕಾಟ ಬೇರೆ.

(ಇಲ್ಲಿ ನನ್ನದೂ ಒಂದು ಮಾತು. ಇಟಲಿಯ ಬೆರ್ಗಾಮೋ ಸೀಮೆಯಲ್ಲಿ 1961ರಲ್ಲಿ ಶುರುವಾದ ಬ್ರೆಂಬೊ ಕಂಪನಿಯ ಹೆಸರು ಇವತ್ತು ಕ್ಯಾಲಿಪರ್‌ಗಿಂತ ಹೆಚ್ಚಾಗಿ ಸ್ಟಿಕರ್ ಮೇಲೆ ಕಾಣಸಿಗುತ್ತದೆ. ಕೆಂಪು ಪ್ಲಾಸ್ಟಿಕ್ ಮುಚ್ಚಳವನ್ನು ಹಳೇ ಕ್ಯಾಲಿಪರ್ ಮೇಲೆ ಕ್ಲಿಪ್ ಹಾಕಿ ಕೂರಿಸಿಕೊಂಡು ಓಡಾಡುವವರನ್ನು ಕಂಡರೆ ನನಗೆ ನಗು ಬರುವುದಿಲ್ಲ, ಕಳವಳವಾಗುತ್ತದೆ. ಆರಬೇಕಾದ ಜಾಗಕ್ಕೇ ಮುಚ್ಚಳ ಹಾಕಿದ್ದಾರೆ.)

ತಂಗಿ: ಸರಿ, ಈ ಸೆಡಾನ್ ಕ್ಯಾಲಿಪರ್ ಪಿಸ್ಟನ್ ಎಷ್ಟು?

ಅಣ್ಣ: ಅದೂ 54. ವರ್ನಿಯರ್ ಇಟ್ಟು ನೋಡಿದೆ. ಹಾಗಾಗಿ ಆಯಿಲ್ಲು ಅಷ್ಟೇ ಹೋಗುತ್ತೆ, ಪೆಡಲು ಆಳಕ್ಕೆ ಇಳಿಯಲ್ಲ. ಮಾಸ್ಟರ್ ಸಿಲಿಂಡರ್ ಮುಟ್ಟಬೇಕಾಗಿಲ್ಲ.

ತಂಗಿ: ಡಿಸ್ಕು ಮಾತ್ರ ದೊಡ್ಡದು. ಅಂದ್ರೆ ಅದೇ ಒತ್ತಡಕ್ಕೆ ಮುಂದಿನ ಚಕ್ರದಲ್ಲಿ ಎಂಟನೇ ಒಂದು ಪಾಲು ಹಿಡಿತ ಜಾಸ್ತಿ. ಹಿಂದೆ ಇರೋದು ಅದೇ ಡ್ರಮ್ಮು. ಈಗ ನೀನು ಕಾಲಲ್ಲಿ ಕಮ್ಮಿ ಒತ್ತು ಕೊಡ್ತೀಯಾ, ಹಿಂದಕ್ಕೆ ಹೋಗೋ ಒತ್ತಡವೂ ಕಮ್ಮಿ ಆಗುತ್ತೆ. ಮುಂದಿನದು ಮೊದಲೇ ಜಾರೋಕೆ ಶುರು, ಹಿಂದಿನ ಟೈರು ಕೆಲಸ ಇಲ್ಲದೆ ಸುಮ್ಮನೆ ಉರುಳ್ತಾ ಬರುತ್ತೆ. ಮಳೆಯಲ್ಲಿ ಇದರಿಂದ ನಿಲ್ಲೋ ದೂರ ಜಾಸ್ತಿನೂ ಆಗಬಹುದು.

ಅಣ್ಣ: ಅದನ್ನ ನೋಡಿಕೊಳ್ಳೋಕೆ ಇಬಿಡಿ ಇದೆಯಲ್ಲ? ಮುಂದೆ ಎಷ್ಟು ಹಿಂದೆ ಎಷ್ಟು ಅಂತ ಅದೇ ಹಂಚುತ್ತೆ.

ತಂಗಿ: ಇಬಿಡಿಗೆ ಹಿಂದಿನದನ್ನ ಕಮ್ಮಿ ಮಾಡೋಕೆ ಬರುತ್ತೆ. ನಿನ್ನ ಕಾಲು ಒತ್ತಿದ್ದಕ್ಕಿಂತ ಜಾಸ್ತಿ ಮಾಡೋಕೆ ಬರಲ್ಲ. ಕಂಪನಿಯವರು ವರ್ಷಗಟ್ಟಲೆ ಪರೀಕ್ಷೆ ಮಾಡಿ ಕೂರಿಸಿದ ಹದ ಅದು. ಪೋರ್ಟಿಕೊದಲ್ಲಿ ಅದನ್ನ ಅಳೆಯೋಕಾಗಲ್ಲ. ನಮ್ಮ ಟೆಸ್ಟ್ ಟ್ರ್ಯಾಕಲ್ಲೇ ಬೆವರಿಳಿಯುತ್ತೆ.

ಅಣ್ಣ: ಈಗ ನಾನೊಂದು ತೋರಿಸ್ತೀನಿ. ಇದೇ ಮಾಡೆಲ್ಲು, ಇದೇ ಬಾಡಿ, ದೊಡ್ಡ ಎಂಜಿನ್ನಿಂದು ಕಂಪನಿಯವರೇ ಮಾರಿದ್ರು. ಅದರ ಪಾರ್ಟ್ಸ್ ಪಟ್ಟಿ ನೋಡು. ಮುಂದೆ 288, ಹಿಂದೆ ಡ್ರಮ್ಮು. ಮಾಸ್ಟರ್ ಸಿಲಿಂಡರ್ ನಂಬರ್ ನನ್ನ ಕಾರಿಂದೇ, ಹಿಂದಿನ ವೀಲ್ ಸಿಲಿಂಡರ್ ನಂಬರ್ರೂ ಅದೇ. ಒಂದಂಕಿ ಆಚೀಚೆ ಇಲ್ಲ. ಈಗ ಹೇಳು, ಹದ ತಪ್ಪಿಸಿದ್ದು ನಾನಾ, ಕಂಪನಿನಾ?

ತಂಗಿ: ...ಎಬಿಎಸ್ ಯೂನಿಟ್ಟಿನ ನಂಬರ್?

ಅಣ್ಣ: ಅದೊಂದು ಬೇರೆ.

ತಂಗಿ: ಅಲ್ಲಿಗೆ ಬಂತು ನೋಡು.

ಅಣ್ಣ: ಎಬಿಎಸ್ ಬೇರೆ ಇರೋದು ಎಂಜಿನ್ ಬೇರೆ ಅಂತಾನೂ ಇರಬಹುದು, ಟ್ರ್ಯಾಕ್ಷನ್ ಕಂಟ್ರೋಲ್ ಇದೆ ಅಂತಾನೂ ಇರಬಹುದು. ಬ್ರೇಕಿಗೇ ಅಂತ ನೀನೂ ಹೇಳೋಕಾಗಲ್ಲ.

ತಂಗಿ: ಆಗಲ್ಲ. ಆದ್ರೆ ‘ಇರಬಹುದು’ ಅನ್ನೋದನ್ನ ಬ್ರೇಕಲ್ಲಿ ನಿನ್ನ ಪರ ಎಣಿಸಬೇಡ ಅಂತೀನಿ. ಅಣ್ಣ, ಇದೆಲ್ಲ ಒಬ್ಬ ಒಳ್ಳೇ ಮೆಕ್ಯಾನಿಕ್ಕಿಗೆ ಕೊಟ್ಟು ಮಾಡಿಸಬಾರದಾ? ಬೇರೆ ಏನಾದ್ರೂ ಕೆಟ್ಟರೆ ಕಾರು ನಿಲ್ಲುತ್ತೆ. ಇದು ಕೆಟ್ಟರೆ ನಿಲ್ಲಲ್ಲ.

ಅಣ್ಣ: ಕೊಟ್ಟಿದ್ದೆನಲ್ಲ. ಒಂದು ದೊಡ್ಡ ಸರ್ವೀಸ್ ಸೆಂಟರ್‌ಗೇ ಕೊಟ್ಟಿದ್ದೆ. ಬಿಲ್ಲಲ್ಲಿ ‘ನಾಲ್ಕೂ ಚಕ್ರ ಬ್ರೇಕ್ ಕ್ಲೀನಿಂಗ್’ ಅಂತ ಹಾಕಿದ್ರು. ಮನೆಗೆ ತಂದು ಎಡಗಡೆ ಚಕ್ರ ಬಿಚ್ಚಿದೆ. ಬಾ ಇಲ್ಲಿ, ಎತ್ತಿಟ್ಟಿದೀನಿ, ನೋಡು. ಇದು ಒಳಗಿನ ಪ್ಯಾಡು, ಇದು ಹೊರಗಿನದು.

(ಎರಡು ಪ್ಯಾಡನ್ನು ಅಕ್ಕಪಕ್ಕ ಇಡುತ್ತಾನೆ. ಹೊರಗಿನದರಲ್ಲಿ ಬೆರಳ ದಪ್ಪ ಸರಕು ಉಳಿದಿದೆ. ಒಳಗಿನದು ಸವೆದು ಕಬ್ಬಿಣದ ತಗಡು ಹೊಳೆಯುತ್ತಿದೆ, ಒಂದು ತುದಿಯಲ್ಲಿ ಡಿಸ್ಕು ಕೆರೆದ ಗೀರು. ತಂಗಿ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾಳೆ.)

ತಂಗಿ: ಸ್ಲೈಡ್ ಪಿನ್ ಹಿಡಿದುಬಿಟ್ಟಿದೆ.

ಅಣ್ಣ: ಕಲ್ಲಾಗಿತ್ತು. ಸುತ್ತಿಗೆ ತಗೊಂಡು ಹೊಡೆದು ತೆಗೆದೆ. ಅವರು ಚಕ್ರವನ್ನೇ ಬಿಚ್ಚಿಲ್ಲ, ಬಿಚ್ಚಿದ್ರೆ ಕುರುಡನಿಗೂ ಕಾಣ್ತಿತ್ತು. ನಾಲ್ಕು ಜನ ಕೂತ್ಕೊಂಡು ಹೋಗೋ ಕಾರು ಕಣೇ. ಅವತ್ತು ತೀರ್ಮಾನ ಮಾಡಿದೆ, ಇದನ್ನ ನಾನೇ ಮಾಡ್ತೀನಿ ಅಂತ. ಅವನಿಗೆ ದಿನಕ್ಕೆ ಹದಿನೈದು ಗಾಡಿ, ನನಗೆ ಒಂದೇ.

ತಂಗಿ: ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಒಂದು ಹೇಳ್ಲಾ? ಸಂಪಾಜೆಯಲ್ಲಿ ನಿನಗೆ ಬಂದ ಸುಟ್ಟ ವಾಸನೆಗೆ ಈ ಪಿನ್ನೇ ಕಾರಣ ಆಗಿದ್ದಿರಬಹುದು. ಒಂದು ಪ್ಯಾಡು ಸದಾ ಉಜ್ಜುತ್ತಾ ಇದ್ರೆ ಡಿಸ್ಕು ಚಪ್ಪಟೆ ರಸ್ತೆಯಲ್ಲೂ ಕಾಯುತ್ತೆ. ಪಿನ್ ಸರಿ ಮಾಡಿ, ಗ್ರೀಸ್ ಹಾಕಿ, ಹೊಸ ಪ್ಯಾಡ್ ಹಾಕಿ ಒಂದು ಸಲ ಘಾಟಿ ಇಳಿದು ನೋಡು. ಆಮೇಲೆ ಕ್ಯಾಲಿಪರ್ ಮಾತಾಡೋಣ.

ಅಣ್ಣ: ಇಷ್ಟು ದಿನ ಹುಡುಕಿ ತಂದಿದ್ದನ್ನ ಶೆಡ್ಡಲ್ಲಿ ಇಡು ಅಂತೀಯಾ?

ತಂಗಿ: ಆಸೆಗೆ ಮಾಡ್ತೀನಿ ಅಂದ್ರೆ ನಾನು ಬೇಡ ಅನ್ನಲ್ಲ. ಅವಶ್ಯಕತೆ ಅಂತ ವೇಷ ಹಾಕಬೇಡ, ಅಷ್ಟೇ.

ಅಣ್ಣ: ಸರಿ, ಆಸೆ ಅಂತಲೇ ಇಟ್ಕೊ. ಆಸೆಪಟ್ಟವನು ಅಚ್ಚುಕಟ್ಟಾಗಿ ಮಾಡ್ತಾನೆ.

ತಂಗಿ: ಹಾಗಾದ್ರೆ ಅಚ್ಚುಕಟ್ಟು ನೋಡೋಣ. ಗುಜರಿ ಕ್ಯಾಲಿಪರ್ ಹಾಗೇ ಹಾಕ್ತೀಯಾ?

ಅಣ್ಣ: ಸೀಲ್ ಕಿಟ್ ತರಿಸಿದೀನಿ. ಪಿಸ್ಟನ್ನು ಹೊರಗೆ ತೆಗೆದು ನೋಡಿದೆ, ತುಕ್ಕಿಲ್ಲ, ಹೊಳೀತಿದೆ.

ತಂಗಿ: ಸೀಲು ಕೂರಿಸುವಾಗ ಎಂಜಿನ್ ಆಯಿಲ್ಲು, ಮಾಮೂಲಿ ಗ್ರೀಸು ಮುಟ್ಟಿಸಬೇಡ, ರಬ್ಬರು ಉಬ್ಬಿ ಹೋಗುತ್ತೆ. ಬ್ರೇಕ್ ಆಯಿಲ್ಲೇ ಸವರು. ಬ್ರೇಕು ಬಿಟ್ಟಾಗ ಪಿಸ್ಟನ್ನನ್ನ ಹಿಂದಕ್ಕೆ ಎಳೆಯೋದು ಆ ಸೀಲೇ. ಒತ್ತಿದಾಗ ಒಂಚೂರು ಓರೆ ಆಗುತ್ತೆ, ಬಿಟ್ಟಾಗ ನೆಟ್ಟಗಾಗ್ತಾ ಪಿಸ್ಟನ್ನನ್ನೂ ಎಳೆದುಕೊಳ್ಳುತ್ತೆ. ಅದು ಕೆಟ್ಟರೆ ಮತ್ತೆ ನಿನ್ನ ಸುಟ್ಟ ವಾಸನೆ. ಹಬ್ಬಿನ ತುಕ್ಕು ಉಜ್ಜಿದ್ಯಾ?

ಅಣ್ಣ: ವೈರ್ ಬ್ರಷ್ ಹಾಕಿ ಉಜ್ಜಿದೆ. ಹೋಸಿನ ಬೋಲ್ಟಿಗೆ ಹೊಸ ತಾಮ್ರದ ವಾಷರ್ ತಂದಿದೀನಿ. ಬಿಚ್ಚಿದ ಕ್ಯಾಲಿಪರನ್ನ ಹೋಸಲ್ಲಿ ನೇತಾಡಿಸಲ್ಲ, ಸ್ಪ್ರಿಂಗಿಗೆ ತಂತಿ ಕಟ್ತೀನಿ. ಟಾರ್ಕ್ ವ್ರೆಂಚ್ ಗೆಳೆಯನ ಹತ್ರ ಇಸ್ಕೊಂಡಿದೀನಿ. ಜಾಕ್ ಒಂದನ್ನೇ ನಂಬಲ್ಲ, ಸ್ಟ್ಯಾಂಡ್ ಇದೆ. ಇನ್ನೇನು ಬೇಕು ನಿನಗೆ?

ತಂಗಿ: ಈ ಕ್ಯಾಲಿಪರ್ ಎತ್ತಿ ಹಿಡಿ. ಯಾವ ಕಡೇದು ಇದು?

ಅಣ್ಣ: ಎಡಗಡೆ.

ತಂಗಿ: ಹಾಗಿದ್ರೆ ಬ್ಲೀಡ್ ನಿಪ್ಪಲ್ ಯಾಕೆ ಕೆಳಗಿದೆ?

(ಅಣ್ಣ ಕ್ಯಾಲಿಪರನ್ನು ತಿರುಗಿಸುತ್ತಾನೆ. ಇನ್ನೊಂದನ್ನು ಎತ್ತಿಕೊಂಡು ಪಕ್ಕದಲ್ಲಿ ಹಿಡಿಯುತ್ತಾನೆ. ಗುಜರಿಯವನು ಎಡಕ್ಕೆ ಬಲದ, ಬಲಕ್ಕೆ ಎಡದ ಚೀಟಿ ಅಂಟಿಸಿದ್ದಾನೆ.)

ಅಣ್ಣ: ಬೋಲ್ಟು ಎರಡು ಕಡೆಗೂ ಕೂರುತ್ತಲ್ಲ ಇದು!

ತಂಗಿ: ಕೂರುತ್ತೆ, ಅದೇ ಕಷ್ಟ. ಗಾಳಿ ಮೇಲಕ್ಕೆ ಹೋಗುತ್ತೆ, ನಿಪ್ಪಲ್ ಕೆಳಗಿದ್ರೆ ಸಂಜೆವರೆಗೂ ಏರ್ ತೆಗೀತಾ ಕೂತಿರ್ತಿದ್ದೆ. ಪೆಡಲು ಸ್ಪಂಜಿನ ಹಾಗೇ ಇರ್ತಿತ್ತು.

ಅಣ್ಣ: ನೀನು ಬರೋವರೆಗೂ ಕಾದಿದ್ದು ಇದಕ್ಕೇ ಅಂತ ಅಂದ್ಕೊ. ಏರ್ ತೆಗೆಯೋಕೆ ಹೇಗೂ ಇಬ್ಬರು ಬೇಕು. ನೀನು ಪೆಡಲು ಒತ್ತು, ನಾನು ನಿಪ್ಪಲ್ ಬಿಡ್ತೀನಿ.

ತಂಗಿ: ಪೂರ್ತಿ ನೆಲಕ್ಕೆ ಒತ್ತಲ್ಲ ಕಣೋ. ಹಳೇ ಮಾಸ್ಟರ್ ಸಿಲಿಂಡರ್, ದಿನಾ ಓಡಾಡದ ಜಾಗಕ್ಕೆ ಅದರ ಸೀಲು ಹೋದ್ರೆ ತುಕ್ಕಿಗೆ ಉಜ್ಜಿ ಹರಿದುಹೋಗುತ್ತೆ. ಅದಿರಲಿ, ನಾನಿನ್ನೂ ಒಪ್ಪಿಲ್ಲ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಓದಿದ್ಯಾ?

ಅಣ್ಣ: ಓದಿದೀನಿ. ಆರ್‌ಸಿಯಲ್ಲಿ ಬರೆದಿರೋ ವಿವರ ಕಂಪನಿ ಕೊಟ್ಟ ವಿವರಕ್ಕೆ ಬೇರೆ ಆಗೋ ಹಾಗೆ ಗಾಡಿ ಮಾರ್ಪಾಡು ಮಾಡಬಾರದು ಅಂತಿದೆ. ನನ್ನ ಆರ್‌ಸಿಯಲ್ಲಿ ಬಣ್ಣ ಇದೆ, ಎಂಜಿನ್ ನಂಬರ್ ಇದೆ, ಸೀಟು ಇದೆ. ಡಿಸ್ಕಿನ ಅಳತೆ ಎಲ್ಲಿದೆ?

ತಂಗಿ: 2019ರ ತಿದ್ದುಪಡಿಯಲ್ಲಿ 182ಎ ಬದಲಾಗಿದೆ. ಒಪ್ಪಿಗೆ ಇಲ್ಲದ ಬಿಡಿಭಾಗ ಹಾಕಿದ್ರೆ ಓನರಿಗೇ ದಂಡ, ಒಂದೊಂದು ಮಾರ್ಪಾಡಿಗೆ ಐದು ಸಾವಿರ, ಆರು ತಿಂಗಳವರೆಗೆ ಜೈಲೂ ಇದೆ. ಪೊಲೀಸು ಚಕ್ರದ ಹಿಂದೆ ಬಗ್ಗಿ ನೋಡಲ್ಲ, ನಿಜ. ಅಪಘಾತ ಆದಮೇಲೆ ಇನ್ಶೂರೆನ್ಸ್ ಸರ್ವೇಯರ್ ನೋಡ್ತಾನೆ. ಆವಾಗ ಕಂಪನಿ ಪಾರ್ಟ್ಸ್ ಪಟ್ಟಿ ತೋರಿಸ್ತಾ ಕೂರ್ತೀಯಾ?

ಅಣ್ಣ: ಸ್ಲೈಡ್ ಪಿನ್ ಕಲ್ಲಾಗಿರೋ ಒರಿಜಿನಲ್ ಬ್ರೇಕಲ್ಲಿ ಗುದ್ದಿದ್ರೆ ಅವನು ಕ್ಲೇಮು ಕೊಡ್ತಾನೆ. ಸರಿಯಾಗಿ ಹಿಡಿಯೋ ದೊಡ್ಡ ಬ್ರೇಕಲ್ಲಿ ಯಾರೋ ಬಂದು ನನಗೆ ಗುದ್ದಿದ್ರೆ ಕೊಡಲ್ಲ. ಚೆನ್ನಾಗಿದೆ ನ್ಯಾಯ.

ತಂಗಿ: ನ್ಯಾಯ ಅಂತ ನಾನೆಲ್ಲಿ ಹೇಳಿದೆ? ನಡೆಯೋದು ಹೇಳಿದೆ.

(ಈ ಹಂತದಲ್ಲಿ ಕಾಫಿ ಬಂತು. ಕಾಫಿ ಕುಡಿಯುತ್ತಲೇ ತಂಗಿ ಕಾರಿನ ಹಿಂದಕ್ಕೆ ಹೋಗಿ ಡಿಕ್ಕಿ ತೆರೆದು, ಮ್ಯಾಟ್ ಎತ್ತಿ ಬಗ್ಗಿ ನೋಡುತ್ತಾಳೆ.)

ತಂಗಿ: ಅಣ್ಣ, ನಿನ್ನ ಅಲಾಯ್ ಎಷ್ಟು ಇಂಚು?

ಅಣ್ಣ: 15. ರಟ್ಟಲ್ಲಿ ಅಳತೆ ಕತ್ತರಿಸಿ ಒಳಗೆ ಹಿಡಿದು ನೋಡಿದೀನಿ, ಕ್ಯಾಲಿಪರ್ ಕೂರುತ್ತೆ. ಸ್ಪೋಕಿಗೂ ತಾಗಲ್ಲ.

ತಂಗಿ: ಈ ಸ್ಟೆಪ್ನಿ 14 ಇಂಚಿಂದು.

ಅಣ್ಣ: ಆಂ?

ತಂಗಿ: ಕಬ್ಬಿಣದ ರಿಮ್ಮು, 14 ಇಂಚು. 288 ಡಿಸ್ಕಿನ ಮೇಲೆ ಇದು ಕೂರಲ್ಲ. ಮುಂದಿನ ಚಕ್ರ ಪಂಕ್ಚರ್ ಆದ್ರೆ ಏನು ಮಾಡ್ತೀಯಾ?

(ಅಣ್ಣ ರಟ್ಟಿನ ಅಳತೆ ಹಿಡಿದುಕೊಂಡು ಹಿಂದಕ್ಕೆ ಬಂದು ಸ್ಟೆಪ್ನಿಯೊಳಗೆ ಇಟ್ಟು ನೋಡುತ್ತಾನೆ. ಅಂಚು ತಾಗುತ್ತದೆ. ಒಂದು ಗುಟುಕು ಕಾಫಿ.)

ಅಣ್ಣ: ಹಿಂದಿನ ಚಕ್ರ ಬಿಚ್ಚಿ ಮುಂದಕ್ಕೆ ಹಾಕ್ತೀನಿ, ಸ್ಟೆಪ್ನಿ ಹಿಂದಕ್ಕೆ. ಹಿಂದೆ ಡ್ರಮ್ಮಲ್ಲವಾ, ಕೂರುತ್ತೆ.

ತಂಗಿ: ಮಳೇಲಿ, ಸಂಪಾಜೆ ತಿರುವಲ್ಲಿ, ರಾತ್ರಿ, ಎರಡು ಸಲ ಜಾಕ್ ಹಾಕ್ತೀಯಾ?

ಅಣ್ಣ: ಹಾಕ್ತೀನಿ. ನೀನು ಟಾರ್ಚ್ ಹಿಡ್ಕೊ.

ತಂಗಿ: ನನ್ನನ್ನ ಕರ್ಕೊಂಡು ಹೋಗ್ಬೇಡ. ಟೈರಿನ ಅಂಗಡಿಯಲ್ಲಿ 15ರ ಹಳೇ ರಿಮ್ಮು ಸಿಗುತ್ತಾ ಕೇಳು. ಡಿಕ್ಕಿ ಗುಂಡಿಗೆ ಇಳಿಯುತ್ತಾ ಅಂತ ಮೊದಲು ಅಳತೆ ತಗೊ, ಟೇಪ್ ಎಲ್ಲಿ?

ಅಣ್ಣ: ಅಲ್ಲೇ, ಸೀಲ್ ಕಿಟ್ ಪಕ್ಕ. ಒಪ್ಪಿದೆ ಅಂತಾಯ್ತಲ್ಲ?

ತಂಗಿ: ಸ್ಟೆಪ್ನಿಗೆ ಒಪ್ಪಿದೆ.